ಹೊಸನಗರದ ದಾರಿಯಲ್ಲಿ ಒಂದು ಕೂ

ದೆವ್ವ, ಗಾಳಿ, ಯಾರೋ ಕರೆದ ಹಾಗಾಯಿತು ಎಂದೆಲ್ಲ ಯಾರಾದರೂ ಕಥೆ ಶುರು ಮಾಡಿದರೆ ಮೊದಲು ನಗುತ್ತಿದ್ದವಳು ನಾನೇ. ಬರೀ ನಕ್ಕು ಸುಮ್ಮನಾಗುತ್ತಿರಲಿಲ್ಲ, ಅಡ್ಡಪ್ರಶ್ನೆ ಹಾಕಿ ಗೋಳು ಹೊಯ್ದುಕೊಳ್ಳುತ್ತಿದ್ದೆ. ಹಾಗಾಗಿ ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ಅರವತ್ತರ ದಶಕದ ನಡುವಿನ ಮಾತು. ನಾವು ಚಿತ್ರದುರ್ಗದ ಕಡೆಯವರು. ನಾನಾಗ ಕಾಲೇಜಿನಲ್ಲಿದ್ದೆ. ಚಳಿಗಾಲದ ರಜೆಯಲ್ಲಿ ಚಿಕ್ಕಪ್ಪ ತನ್ನ ಹಳೆಯ ಕಾರಿನಲ್ಲಿ ಅಪ್ಪ, ಅಮ್ಮ, ನಾನು ಮತ್ತು ಅಜ್ಜಿ ಎಲ್ಲರನ್ನೂ ಹೊರಡಿಸಿದ. ಸಾಗರದಲ್ಲಿ ಒಂದು ರಾತ್ರಿ ಉಳಿದು, ಜೋಗ ನೋಡಿಕೊಂಡು, ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವುದೆಂದು ಏರ್ಪಾಡು. ತೀರ್ಥಹಳ್ಳಿ ಅಜ್ಜಿಗೋಸ್ಕರ. ಸಾಯುವುದರೊಳಗೆ ಒಂದು ಸಲ ತುಂಗೆಯಲ್ಲಿ ಮುಳುಗು ಹಾಕಬೇಕೆಂದು ಅವಳು ಎಷ್ಟೋ ವರ್ಷದಿಂದ ಅಪ್ಪನಿಗೆ ದುಂಬಾಲು ಬಿದ್ದಿದ್ದಳು. ಬಯಲುಸೀಮೆಯ ನಮಗೆ ಹತ್ತು ಮೈಲಿ ಆಚೆಯ ಗುಡ್ಡ ಕಂಡು ರೂಢಿ. ಇಲ್ಲಿ ಹತ್ತು ಮಾರು ಆಚೆ ಏನಿದೆಯೆಂದೇ ತಿಳಿಯುತ್ತಿರಲಿಲ್ಲ.

ಅಜ್ಜಿಗೆ ಆರೇಳು ವರ್ಷದಿಂದ ಕಿವಿ ಪೂರ್ತಿ ಹೋಗಿತ್ತು. ಬೆನ್ನ ಹಿಂದೆ ಹಿತ್ತಾಳೆ ಕೊಡ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ. ನಡೆಯುತ್ತಿದ್ದುದೆಲ್ಲ ಕೈಸನ್ನೆ, ಆದರೂ ನಾವು ಅಭ್ಯಾಸಬಲದಿಂದ ಕಿರುಚಿಯೇ ಹೇಳುತ್ತಿದ್ದೆವು. ಕಾರಿನಲ್ಲಿ ಅವಳು ನಾಲ್ಕನೆಯ ಸಲವೋ ಐದನೆಯ ಸಲವೋ, "ತುಂಗೆ ಬಂತೇನೇ?" ಎಂದು ಕೇಳಿದಾಗ ನನಗೆ ರೇಗಿಹೋಯಿತು. ಕಿಟಕಿಯ ಕಡೆ ಮುಖ ತಿರುಗಿಸಿ, "ಈ ಕಿವುಡಿಗೆ ಹೇಳಿ ಹೇಳಿ ನನ್ನ ಗಂಟಲು ಹೋಯ್ತು. ಎಲ್ಲಾದ್ರೂ ಇಳಿಸಿ ಹೋಗೋಣ" ಅಂದೆ. ಅಮ್ಮ ತೊಡೆ ಚಿವುಟಿದಳು. ಅಜ್ಜಿ ಇನ್ನೊಂದು ಕಿಟಕಿಯಲ್ಲಿ ಮರ ನೋಡುತ್ತ ಕೂತಿದ್ದಳು.

ಹೊಸನಗರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನ ನೀರು ಕುದಿದು ಹಬೆ ಎದ್ದಿತು. ಮಧ್ಯಾಹ್ನ ಮೂರೂವರೆ ಇರಬೇಕು. ಅಪ್ಪ, ಚಿಕ್ಕಪ್ಪ ಡಬ್ಬಿ ಹಿಡಿದು ಹಿಂದೆ ಕಂಡಿದ್ದ ಹಳ್ಳಕ್ಕೆ ಹೋದರು. ಅಮ್ಮ ಸೀಟಿನಲ್ಲೇ ಒರಗಿ ಕಣ್ಣು ಮುಚ್ಚಿದಳು. ಕಾರಿಳಿದು ನಿಂತ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನು ಮೈಲಿಗಲ್ಲಿನ ಮೇಲೆ ಕೂತು ವಾರಪತ್ರಿಕೆ ಬಿಡಿಸಿದೆ. ಒಂದು ಕಥೆ ಓದಿ ಮುಗಿಸಿ ತಲೆ ಎತ್ತಿದರೆ ಅಜ್ಜಿ ಇಲ್ಲ.

ನಿಮಗೆ ಹೇಗೆ ಹೇಳಲಿ! ಎರಡೂ ಕಡೆ ಕಾಡು. ಕೂಗಿದರೆ ಕೇಳದ ಮುದುಕಿ. "ಇಳಿಸಿ ಹೋಗೋಣ" ಅಂದಿದ್ದ ನನ್ನದೇ ಬಾಯಿ. ಆದರೂ "ಅಜ್ಜೀ, ಅಜ್ಜೀ" ಎಂದು ಹುಚ್ಚಿಯ ಹಾಗೆ ಅರಚಿದೆ. ಅಮ್ಮ ಎದ್ದು ಬಂದು ಹೆಸರು ಹಿಡಿದೇ ಕರೆಯತೊಡಗಿದಳು, ಸೊಸೆಯಾಗಿ ಅತ್ತೆಯ ಹೆಸರು ಹೇಳಿದ್ದು ಅವಳ ಜನ್ಮದಲ್ಲೇ ಮೊದಲು.

ಒಣ ತರಗೆಲೆಯ ಬುಟ್ಟಿ ಹೊತ್ತ ಒಬ್ಬ ಹೆಂಗಸು ರಸ್ತೆಗೆ ಇಳಿದು ಬಂದಳು. "ಎಂತ ಆಯ್ತು ಮಾರಾಯ್ರೇ?" ಎಂದು ಕೇಳಿ, ಬುಟ್ಟಿ ಇಳಿಸಿದಳು. "ಕಾಡಲ್ಲಿ ಹೆಸ್ರು ಹಿಡ್ದು ಕರೀಬಾರ್ದು. ಕೂ ಹಾಕಿ."

"ನಮ್ಮಜ್ಜಿಗೆ ಕಿವಿ ಕೇಳ್ಸಲ್ಲಮ್ಮಾ" ಅಂದೆ, ಅಳುತ್ತಲೇ.

"ಆದ್ರೂ ಹಾಕಿ. ಅವ್ರಿಗೆ ಕೇಳ್ದಿದ್ರೆ ಮತ್ಯಾರಿಗಾದ್ರೂ ಕೇಳ್ತದೆ."

ಕೈ ಬಾಯಿಗಿಟ್ಟು ಅವಳೇ ತೋರಿಸಿಕೊಟ್ಟಳು. ನಾನು ಹಾಗೇ "ಕೂ" ಎಂದೆ. ಏನಿಲ್ಲ. ಮತ್ತೆ ಹಾಕಿದೆ. ಮೂರನೆಯ ಸಲ, ಎಡಗಡೆಯ ಇಳಿಜಾರಿನಿಂದ ಸ್ಪಷ್ಟವಾಗಿ "ಕೂ" ಎಂದು ತಿರುಗಿ ಬಂತು. ಹೆಣ್ಣುದನಿ, ನನ್ನದಕ್ಕಿಂತ ದಪ್ಪ. "ಅಗಾ, ಓಗೊಟ್ರಲ್ಲ!" ಎಂದು ಆ ಹೆಂಗಸು ಮುಂದಾದಳು. ನಾನು ಕೂ ಹಾಕುವುದು, ಅದು ಓಗೊಡುವುದು, ನಾವು ಪೊದೆ ಸರಿಸಿ ಆ ಕಡೆ ನಡೆಯುವುದು. ನಾನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಕೊನೆಕೊನೆಗೆ ನನ್ನ ಸ್ವರವೇ ಹೊರಡದಾಯಿತು.

ಅಜ್ಜಿ ಒಂದು ಬಂಡೆಯ ಮೇಲೆ ಕೂತಿದ್ದಳು, ಸೆರಗಿನ ತುಂಬ ಬೆಟ್ಟದ ನೆಲ್ಲಿಕಾಯಿ. ಅವಳ ಕಾಲಿನಿಂದ ಎರಡು ಹೆಜ್ಜೆ ಮುಂದೆ ಜರಿಗಿಡ ಮುಚ್ಚಿದ ಕೊರಕಲು. ಆ ಹೆಂಗಸು ಕೋಲಿನಿಂದ ಗಿಡ ಸರಿಸಿ ತೋರಿಸಿದಾಗ ತಳ ಕಾಣಲಿಲ್ಲ. ನಾನು ಅಜ್ಜಿಯನ್ನು ತಬ್ಬಿಕೊಂಡು, ಕೈಬಾಯಿ ಸನ್ನೆ ಮಾಡಿ, ನೀನು ಕೂಗಿದೆಯಾ ಎಂದು ಕೇಳಿದೆ.

"ನಾನೆಲ್ಲಿ ಕೂಗ್ದೆ? ನೀನೇ ತಾನೇ ಹಿಂದಿಂದ 'ಅಜ್ಜೀ, ಅಲ್ಲೇ ಕುಂತ್ಕೋ' ಅಂದಿದ್ದು. ಕುಂತಿದೀನಿ."

ನಾನು ಹಾಗೆ ಅಂದೇ ಇರಲಿಲ್ಲ. ಅಂದಿದ್ದರೂ ಅವಳಿಗೆ ಕೇಳುವುದು ಹೇಗೆ? ಆ ಕಡೆ ಯಾರದಾದರೂ ಮನೆ ಇದೆಯೇ ಎಂದು ಆ ಹೆಂಗಸನ್ನು ಕೇಳಿದೆ. ಇಲ್ಲ ಎಂದು ತಲೆಯಾಡಿಸಿ, "ಸಿಕ್ರಲ್ಲ, ಕರ್ಕೊಂಡ್ ಹೋಗಿ. ಜಾಸ್ತಿ ಕೇಳ್ಬೇಡಿ" ಎಂದು ತನ್ನ ಬುಟ್ಟಿಯ ಕಡೆ ಹೋದಳು.

ನೀರು ತಂದ ಚಿಕ್ಕಪ್ಪ ಕಥೆಯೆಲ್ಲ ಕೇಳಿ, ಅದು ಕೆಂಬೂತ ಹಕ್ಕಿ, ಅದೂ ಹಾಗೇ ಕೂಗುತ್ತದೆ ಎಂದ. ಇರಬಹುದು. ಆಮೇಲೆ ಎಷ್ಟೋ ಸಲ ಕೆಂಬೂತದ ದನಿ ಕೇಳಿದ್ದೇನೆ. ಅದು ಅಲ್ಲ ಎಂದು ಆಣೆ ಇಟ್ಟು ಹೇಳುವ ಧೈರ್ಯ ನನಗಿಲ್ಲ, ಹೌದು ಎಂದು ಒಪ್ಪಲು ಮನಸ್ಸೂ ಇಲ್ಲ.

ಕಾರು ಮತ್ತೆ ಹೊರಟಿತು. ಕೂ ಹಾಕಿ ಹಾಕಿ ನನ್ನ ಗಂಟಲು ಪೂರ್ತಿ ಕಟ್ಟಿತ್ತು. ತೀರ್ಥಹಳ್ಳಿ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಅಜ್ಜಿ ಸೆರಗಿನಿಂದ ಒಂದು ನೆಲ್ಲಿಕಾಯಿ ತೆಗೆದು ಒರೆಸಿ ನನ್ನ ಅಂಗೈಗಿಟ್ಟಳು. "ಬಾಯಿಗೆ ಹಾಕ್ಕೋ ಮಗಾ" ಅಂದಳು. "ಈ ಕಿವುಡಿಗೆ ಹೇಳಿ ಹೇಳಿ ನಿನ್ನ ಗಂಟಲು ಹೋಯ್ತು."

ಅಮ್ಮ ನನ್ನ ಮುಖ ನೋಡಿದಳು. ನಾನು ನೆಲ್ಲಿಕಾಯಿ ಬಾಯಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಅಜ್ಜಿ ನನ್ನ ಕೈ ಹಿಡಿದುಕೊಂಡೇ ತುಂಗೆಯಲ್ಲಿ ಮೂರು ಸಲ ಮುಳುಗಿದಳು. ಅದಾದ ಮೇಲೂ ನಾಲ್ಕು ವರ್ಷ ಬದುಕಿದ್ದಳು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವಳ ಪಕ್ಕ ಕೂತು, ಕಿವಿಯ ಹತ್ತಿರ ಬಾಯಿಟ್ಟು, "ತಪ್ಪಾಯ್ತಜ್ಜಿ" ಎಂದು ಹೇಳಿದೆ.

ಅವಳು ನನ್ನ ಕಡೆ ತಿರುಗಿ, "ಏನಂದೆ ಮಗಾ? ಕೇಳ್ಸಲಿಲ್ಲ" ಅಂದಳು.