ದೇವರ ಮನೆಯಲ್ಲಿ ಕೂತ ರೂಟರ್

ನಮ್ಮ ದೇವರ ಮನೆಯಲ್ಲಿ ಬಾಲಕೃಷ್ಣನ ಪಕ್ಕಕ್ಕೆ ಒಂದು ಬಿಳಿ ಡಬ್ಬಿ ಕೂತಿದೆ. ಅದಕ್ಕೆ ಹೂವಿಲ್ಲ, ಗಂಧವಿಲ್ಲ. ತನ್ನದೇ ಒಂದು ಹಸಿರು ದೀಪ ಇದೆ. ಹೋದ ತಿಂಗಳು ಒಂದು ದಿನ ಆ ದೀಪ ಕೆಂಪಾಯಿತು. ಮಗಳ ಕೆಲಸ ಹೋಯಿತು.

ಅದು ಇಂಟರ್ನೆಟ್ಟಿನ ಡಬ್ಬಿ. ರೂಟರ್ ಅನ್ನುತ್ತಾರೆ. ಆರಿಸಿ ತಂದವಳು ನಾನೇ. (ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿರುವುದು ಅದರ ಮೇಲಿನ ಧೂಳು ಒರೆಸುವುದಷ್ಟೇ.)

ಮಗಳು ವೀಣಾಳಿಗೆ ಚಿಕ್ಕಂದಿನ ಪೋಲಿಯೋದಿಂದ ಒಂದು ಕಾಲು ಸೋತಿದೆ. ದಿನಾ ಬಸ್ಸು ಹತ್ತಿ ಇಳಿಯುವುದು ಆಗದ ಮಾತು. ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡಿ ಕಳಿಸುವ ಕೆಲಸ ಇದೆ, ಮನೆಯಲ್ಲೇ ಕೂತು ಮಾಡಲಿ ಅಂದರು ಹುಬ್ಬಳ್ಳಿಯ ಕಂಪನಿಯೊಂದರವರು. ಒಂದು ತಿಂಗಳು ಟ್ರಯಲ್. ಹೊತ್ತಿಗೆ ಸರಿಯಾಗಿ ಕಳಿಸಿದರೆ ಕೆಲಸ ಕಾಯಂ. ಮನೆಯಲ್ಲಿ ಡೆಸ್ಕ್‌ಟಾಪ್ ಇತ್ತು, ನೆಟ್ ಇರಲಿಲ್ಲ. ಫೋನಿನ ತಂತಿಯ ಬ್ರಾಡ್‌ಬ್ಯಾಂಡಿಗೆ ಅರ್ಜಿ ಹಾಕಿ ಕಾದಿದ್ದೇ ಬಂತು, ಮಾಳಮಡ್ಡಿಯ ನಮ್ಮ ಓಣಿಗೆ ಸರದಿ ಬರಲಿಲ್ಲ. ಉಳಿದಿದ್ದು ಮೊಬೈಲ್ ನೆಟ್.

ನಮ್ಮದು ದಪ್ಪ ಗೋಡೆಯ ಹಳೇ ಮನೆ. ಮೊಬೈಲ್ ಹಿಡಿದು ಅಡುಗೆ ಮನೆ, ಪಡಸಾಲೆ, ಹಿತ್ತಲು ಎಲ್ಲ ಪ್ರದಕ್ಷಿಣೆ ಹಾಕಿದೆವು. ರೇಂಜ್ ಸಿಕ್ಕಿದ್ದು ದೇವರ ಮನೆಯ ಕಿಟಕಿಯ ಹತ್ತಿರ ಮಾತ್ರ. ನನಗೆ ಕಣ್ಣು ತುಂಬಿ ಬಂತು. ದೇವರೇ ಜಾಗ ತೋರಿಸಿದ ಅಂದುಕೊಂಡೆ. ನೀವಾದರೂ ಹಾಗೇ ಅಂದುಕೊಳ್ಳುತ್ತಿರಲಿಲ್ಲವೇ?

ಅಂಗಡಿಯ ಇಸ್ಮಾಯಿಲ್ ಎರಡು ನಮೂನೆ ತೋರಿಸಿದ.

“ಅಕ್ಕಾರ, ಈ ಕಡ್ಡಿಯಂಥಾದ್ದು ತಗೊಂಡ್ರ ಕಂಪ್ಯೂಟರಿಗೇ ಚುಚ್ಚಬೇಕ್ರಿ. ರೇಂಜ್ ಇದ್ದಲ್ಲೇ ಕಂಪ್ಯೂಟರ್ ಇಡಾಕ ಆಗತೈತೇನ್ರಿ?”

“ಅಯ್ಯ, ದೇವರ ಮನ್ಯಾಗ ಕಂಪ್ಯೂಟರ್ ಇಡ್ಲಿಕ್ಕೆ ಬರ್ತದೇನೋ?”

“ಹಂಗಾರ ಡಬ್ಬಿ ತಗೋರಿ. ಡಬ್ಬಿ ದೇವರ ಕಡೆ, ಕಂಪ್ಯೂಟರ್ ನಿಮ್ಮ ಕಡೆ. ನಡುವ ವೈರ್ ಎಳದ್ರ ಆತು.”

ಡಬ್ಬಿಯಲ್ಲೂ ಎರಡು. ಬ್ಯಾಟರಿ ಇದ್ದದ್ದು, ಇಲ್ಲದ್ದು. ನಮ್ಮಲ್ಲಿ ಕರೆಂಟಿನ ಹಣೆಬರಹ ನಿಮಗೆ ಗೊತ್ತೇ ಇದೆ. ಕಂಪ್ಯೂಟರಿಗೆ ಯುಪಿಎಸ್ ಇದೆ, ಡಬ್ಬಿಗೂ ಬ್ಯಾಟರಿ ಇರಲಿ ಅಂದೆ. ಹೊರಡುವಾಗ ಆತ ಹೇಳಿದ: “ಹ್ಯಾಂಗ್ ಆಗಿ ದೀಪ ಕೆಂಪಾತಂದ್ರ ಈ ಬಟನ್ ಒತ್ತಿ ಆರಿಸಿ, ಮತ್ತ ಹಚ್ಚರಿ. ಅಷ್ಟ.”

ಮನೆಯಲ್ಲಿ ಅತ್ತೆಯವರ ಒಪ್ಪಿಗೆ ಬೇಕಲ್ಲ? ಎಂಬತ್ತು ದಾಟಿದ್ದಾರೆ, ಮಡಿ ಬಿಟ್ಟವರಲ್ಲ. ಡಬ್ಬಿಯನ್ನು ತಿರುವಿ ಮುರುವಿ ನೋಡಿದರು.

“ಇದರಾಗ ಚರ್ಮ ಗಿರ್ಮ ಅದೇನು?”

“ಇಲ್ಲರಿ, ಎಲ್ಲಾ ಪ್ಲಾಸ್ಟಿಕ್ಕು.”

“ಪ್ಲಾಸ್ಟಿಕ್ಕಿಗೆ ಮೈಲಿಗಿ ಇಲ್ಲ. ಇಡು.”

“ವೀಣಾ ತಿಂಗಳಿಗೊಮ್ಮೆ ಹೊರಗಾದಾಗ ವೈರಿನ ಆ ತುದಿ ಮುಟ್ಟತಾಳಲ್ಲರಿ?”

“ವೈರೂ ಪ್ಲಾಸ್ಟಿಕ್ಕ ಅಲ್ಲೇನ? ನೀ ನನಗಿಂತಾ ಮುದುಕಿ ಆದಿ ನೋಡು!”

ವೀಣಾ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಟ್ರಯಲಿನ ಕೊನೆಯ ದಿನ. ವೀಣಾ ಹೊರಗಾಗಿದ್ದಳು. ಇವರು ಆಫೀಸಿಗೆ ಹೋಗಿದ್ದರು. ಅತ್ತೆಯವರೂ ನಾನೂ ದೇವಸ್ಥಾನಕ್ಕೆ ಹೋದೆವು. ಯಾಕೆ? ಅವಳ ಕೆಲಸ ಕಾಯಂ ಆಗಲಿ ಅಂತ ಸೇವೆ ಮಾಡಿಸಲಿಕ್ಕೆ. ಒಳಗೆ ಹೋಗುವ ಮುಂದೆ ಮೊಬೈಲ್ ಆರಿಸಿದೆ.

ಮಧ್ಯಾಹ್ನ ಬಂದು ನೋಡಿದರೆ ಮಗಳು ದೇವರ ಮನೆಯ ಹೊಸ್ತಿಲಿನ ಹೊರಗೆ ನೆಲದ ಮೇಲೆ ಕೂತಿದ್ದಾಳೆ. ಊರುಗೋಲು ಪಕ್ಕದಲ್ಲಿ ಬಿದ್ದಿದೆ. ಒಳಗೆ ಡಬ್ಬಿಯ ದೀಪ ಕೆಂಪಗೆ ಉರಿಯುತ್ತಿದೆ. ಟೈಪ್ ಆದದ್ದೆಲ್ಲ ಕಂಪ್ಯೂಟರಿನಲ್ಲೇ ಕೂತಿದೆ. ಕಳಿಸುವ ಹೊತ್ತು ಮೀರಿದೆ.

ಡಬ್ಬಿ ಆರಿ ಮತ್ತೆ ಹತ್ತೀತು ಅಂತ ಮೇನ್ ಸ್ವಿಚ್ ಆರಿಸಿ ನೋಡಿದಳಂತೆ. ಬ್ಯಾಟರಿ ಇತ್ತಲ್ಲ, ಡಬ್ಬಿ ಜಪ್ಪೆನ್ನಲಿಲ್ಲ. (ನೆರೆಯವರನ್ನು ಕರೆಯೋಣವೆಂದರೆ, ಮಡಿಯ ಮನೆಯೊಳಗೆ ಅವರೂ ಕಾಲಿಡುವಂತಿಲ್ಲ.)

ಮೊದಲು ಮಾತಾಡಿದವರು ಅತ್ತೆಯವರು. “ಹುಚ್ಚಿ, ಒಳಗ ಹೋಗಿ ಒತ್ತಿ ಬರೋದಲ್ಲೇನ? ಆಮ್ಯಾಲೆ ನಾ ಎಲ್ಲಾ ತೊಳಕೋತಿದ್ದೆ. ದೇವರೇನು ಎದ್ದು ಓಡಿ ಹೋಗ್ತಿದ್ನೇನು?”

ವೀಣಾ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. “ಅವ್ವ ಬೈತಿದ್ಲು.”

ಬೈಯುತ್ತಿದ್ದೆನೇ? ಹೌದು. ಬೈಯುತ್ತಿದ್ದೆ.

ಒಳಗೆ ಹೋಗಿ ಬಟನ್ ಒತ್ತಿದೆ. ದೀಪ ಹಸಿರಾಯಿತು. ಕೆಲಸವೂ ಹೋಯಿತು, ಎರಡೂ ಅರ್ಥದಲ್ಲಿ. ಅವಳು ಕಳಿಸಿದ್ದು ಕಂಪನಿಗೆ ಮುಟ್ಟಿತು. ಸಂಜೆ ಅವರ ಫೋನು ನಮಗೆ ಮುಟ್ಟಿತು. ಪಾಪ, ಮೆತ್ತಗೇ ಮಾತಾಡಿದರು. “ದವಾಖಾನಿಯವ್ರು ಕಾಯೂದಿಲ್ರಿ. ಬ್ಯಾರೆಯವ್ರನ್ನ ತಗೊಂಡೇವಿ.”

ದಿನಾ ಸಂಜೆ ದೀಪ ಹಚ್ಚುವಾಗ ದೇವರು ಕೊಟ್ಟಿದ್ದನ್ನು ಎಣಿಸುವುದು ನನ್ನ ರೂಢಿ. ಹೊಟ್ಟೆಗಿದೆ, ಸೂರಿದೆ, ಅತ್ತೆಯವರು ಗಟ್ಟಿಯಾಗಿದ್ದಾರೆ. ಆ ಸಂಜೆಯಿಂದ ಎಣಿಕೆ ಮುಂದೆ ಹೋಗುತ್ತಿಲ್ಲ. ಕೈ ಮುಗಿದರೆ ಕಣ್ಣು ಆ ಡಬ್ಬಿಯ ಮೇಲೇ ಹೋಗುತ್ತದೆ.

ನಿನ್ನೆ ವೀಣಾ ಮತ್ತೆ ಹೊರಗಾದಳು. ಡಬ್ಬಿಯ ದೀಪ ಮತ್ತೆ ಕೆಂಪಾಯಿತು. ನಾನೇ ಕರೆದು ಹೇಳಿದೆ, “ಒಳಗ ಹೋಗಿ ಒತ್ತಿ ಬಾರವ್ವಾ. ನಾ ಏನೂ ಅನ್ನಂಗಿಲ್ಲ.”

ಪಡಸಾಲೆಯಲ್ಲಿ ಆರಿಸಿದ ಕಂಪ್ಯೂಟರಿನ ಮುಂದೆ ಕೂತಿದ್ದಳು. ತಿರುಗಿ ಸಹ ನೋಡಲಿಲ್ಲ.

“ಈಗೇನ್ ಅವಸರ ಅದ ಅವ್ವಾ?”