ಕಾವೇರಿಯಲ್ಲಿ ಸಿಡಿದ ತೋಟೆ

ನನಗೆ ಮನೆ ಬಾಡಿಗೆಗೆ ಕೊಟ್ಟ ಮುದುಕರು ಸೊಂಟದವರೆಗೆ ಕಾವೇರಿಯಲ್ಲಿ ನಿಂತು ಗಾಳಿಗೆ ಚಾಟಿ ಬೀಸುತ್ತಿದ್ದರು. ಕುಶಾಲನಗರಕ್ಕೆ ಬಂದ ಮರುದಿನ ಹಿತ್ತಲ ಬಾಗಿಲು ತೆಗೆದಾಗ ಕಂಡದ್ದು ಇದು. ವಿಜಯಪುರದ ಕಡೆಯವಳಾದ ನನಗೆ ಮನೆಯ ಹಿಂದೆ ಹೊಳೆ ಹರಿಯುವುದೇ ವಿಚಿತ್ರ. ಅದರ ನಡುವೆ ನಿಂತು ಇವರು ಯಾರನ್ನು ಹೊಡೆಯುತ್ತಿದ್ದಾರೆ? ಅಷ್ಟರಲ್ಲಿ ನಾನು ಚಾಟಿ ಎಂದುಕೊಂಡಿದ್ದ ಗಾಳದ ದಾರ ಬಿಗಿಯಿತು, ಬಹಳ ಹೊತ್ತಿನ ಜಗ್ಗಾಟದ ನಂತರ ಹೊನ್ನಿನ ಬಣ್ಣದ ದೊಡ್ಡ ಮೀನೊಂದು ಮೇಲೆ ಬಂತು. ಅವರು ಕೊಕ್ಕೆ ಬಿಡಿಸಿ, ಮೀನನ್ನು ನೀರೊಳಗೇ ಸ್ವಲ್ಪ ಹೊತ್ತು ಹಿಡಿದುಕೊಂಡು, ಬಿಟ್ಟುಬಿಟ್ಟರು.

"ತಿನ್ನೂದಿಲ್ಲೇನ್ರೀ?" ಎಂದು ಕೂಗಿದೆ.

"ಮಹಶೀರ್ ಅಲ್ವಾ ಟೀಚರೇ, ಹೊಳೆಯಲ್ಲಿ ಉಳಿದಿರೋದೇ ಕಡಿಮೆ. ತಿನ್ನೋದಕ್ಕೆ ಎಂತಕ್ಕೆ ಹಿಡಿಯೋದು?" ಎಂದರು ಪೊನ್ನಪ್ಪ.

ಅವರು ಸೇನೆಯಿಂದ ನಿವೃತ್ತರಾದವರು. ನಾನು ಇಲ್ಲಿನ ಶಾಲೆಯೊಂದಕ್ಕೆ ಆಟ ಕಲಿಸಲು ಬಂದವಳು. ನಮ್ಮ ಮನೆಯಲ್ಲಿ ಅಣಬೆಯನ್ನೂ ಒಲೆಯ ಹತ್ತಿರ ತರುವುದಿಲ್ಲ. ಇಲ್ಲಿ ಪೊನ್ನಪ್ಪನವರ ಹೆಂಡತಿ ಗಂಗಮ್ಮ ನನಗೆಂದೇ ಅಣಬೆಯ ಸಾರು ಮಾಡಿ, ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಜೊತೆ ತಂದಿಟ್ಟು, "ಇದು ಸಸ್ಯ, ತಿನ್ನಿ" ಎಂದರು. ತಿಂದೆ. ರುಚಿಯಾಗಿತ್ತು, ಸಿಟ್ಟೂ ಬಂತು. ಇಷ್ಟು ವರ್ಷ ಯಾಕೆ ತಿನ್ನಲಿಲ್ಲ ಎಂದು.

ಮೊದಲ ಮಳೆಗಾಲ ನನ್ನನ್ನು ಹಿಂಡಿತು. ಬಟ್ಟೆ ಒಣಗುವುದಿಲ್ಲ, ಜೋಳದ ಹಿಟ್ಟಿಗೆ ಬೂಸಲು ಬರುತ್ತದೆ. ನಾನು ಮಾತಾಡಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಕೊಡವ, ಮಲಯಾಳ, ತುಳು, ಅರೆಭಾಷೆ ಎಲ್ಲಕ್ಕೂ ಇಲ್ಲಿ ಜಾಗವಿದೆ. ನನ್ನ ಕನ್ನಡ ಮಾತ್ರ ಜಗಳದ ಹಾಗೆ ಕೇಳಿಸುತ್ತದಂತೆ. ಭಾನುವಾರಗಳು ಮುಗಿಯುತ್ತಿರಲಿಲ್ಲ.

ಮಳೆ ನಿಂತು ನೀರು ತಿಳಿಯಾದ ಮೇಲೆ ಪೊನ್ನಪ್ಪನವರೇ ಕರೆದರು. ಕೋಳಿಯ ಪುಕ್ಕ, ಬಣ್ಣದ ದಾರ ಸುತ್ತಿ ಕೊಕ್ಕೆಗೆ ಹುಳುವಿನ ವೇಷ ಹಾಕುತ್ತಾರೆ, ಅದಕ್ಕೆ ಫ್ಲೈ ಎನ್ನುತ್ತಾರೆ. ಪರವಾನಗಿ ಮಾಡಿಸಿಕೊಂಡು ನಾನೂ ನೀರಿಗಿಳಿದೆ. ತಿಂಗಳುಗಟ್ಟಲೆ ಬೀಸಿದೆ. ಕೊಕ್ಕೆ ನನ್ನ ಜಡೆಗೆ ಸಿಕ್ಕಿತು, ದಂಡೆಯ ಮತ್ತಿ ಮರದ ಕೊಂಬೆಗೆ ಸಿಕ್ಕಿತು, ಮೀನಿಗೆ ಸಿಗಲಿಲ್ಲ. ಕೊನೆಗೊಮ್ಮೆ ಸಿಕ್ಕಾಗ ಭುಜ ಕಿತ್ತುಬರುವಂತೆ ಎಳೆಯಿತು. ಅಂಗೈಯಲ್ಲಿ ಅದರ ಕಿವಿರು ತೆರೆದು ಮುಚ್ಚುವುದನ್ನು ನೋಡುತ್ತ ಅತ್ತುಬಿಟ್ಟೆ. ಮೀನು ಬಾಲ ಬಡಿದು ಹೋಯಿತು. ಈ ಊರಲ್ಲಿ ನಾನು ಗೆದ್ದದ್ದು ಅದೊಂದೇ.

ಹೋದ ಬೇಸಿಗೆಯಲ್ಲಿ, ಹೊಳೆ ಬತ್ತಿ ಮೀನುಗಳೆಲ್ಲ ಮಡುವಿಗೆ ಸೇರಿದ್ದಾಗ, ನಾವಿಬ್ಬರೂ ನೀರಿನಲ್ಲಿದ್ದೆವು. ಮೇಲಿನ ಮಡುವಿನಿಂದ ದಡ್ ಎಂಬ ಸದ್ದು ಬಂತು. ಕಾಲಡಿಯ ಕಲ್ಲು ನಡುಗಿತು. ನೋಡುತ್ತಿದ್ದಂತೆ ಬಿಳಿ ಹೊಟ್ಟೆ ಮೇಲಾಗಿ ಮೀನುಗಳು ತೇಲಿಬಂದವು. ಮೊಳದುದ್ದದವು, ಬೆರಳುದ್ದದವು, ಮರಿಗಳು. ತೋಟೆ ಹಾಕಿದ್ದರು, ಬಂಡೆ ಒಡೆಯುವ ಸಿಡಿಮದ್ದು.

ಬಂಡೆ ಹತ್ತಿ ಓಡಿದೆ. ಪಕ್ಕದ ಹೋಂಸ್ಟೇಯ ದಿನೇಶ ಆಳುಗಳ ಜೊತೆ ಚೀಲಕ್ಕೆ ಮೀನು ತುಂಬುತ್ತಿದ್ದ. ದೊಡ್ಡವನ್ನು ಆರಿಸಿ, ಮರಿಗಳನ್ನು ಹಾಗೇ ಬಿಟ್ಟಿದ್ದ.

"ಮನಿಷ್ಯಾ ಅದೀಯೋ ಏನ್ ಅದೀ? ಮರಿ ಸೈತ ಕೊಂದೀಯಲ್ಲೋ" ಎಂದೆ.

ಅವನು ತಲೆ ಎತ್ತಿ ನನ್ನನ್ನಲ್ಲ, ನನ್ನ ಹಿಂದೆಯೇ ಬಂದಿದ್ದ ಪೊನ್ನಪ್ಪನವರನ್ನು ನೋಡಿದ. "ಎಂತ ಅಂಕಲ್, ಎಲ್ಲಿಂದಲೋ ಬಂದವರತ್ರ ನಮ್ಮ ಹೊಳೆ ಬಗ್ಗೆ ಹೇಳಿಸ್ಕೊಬೇಕಾ ನಾವು?"

ಪೊನ್ನಪ್ಪ ತಲೆ ತಗ್ಗಿಸಿ ತಮ್ಮ ಗಾಳದ ದಾರ ಸುತ್ತತೊಡಗಿದರು. ತೋಟೆಗಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು.

ಠಾಣೆಗೆ ಒಬ್ಬಳೇ ಹೋದೆ. ಅಲ್ಲಿ ಮೊದಲು ಕೇಳಿದ್ದು "ಯಾವೂರು ಮೇಡಂ?" ಎಂದೇ. ಸಾಕ್ಷಿ ಬೇಕು ಎಂದರು. ಮರುದಿನ ಗಂಗಮ್ಮ ಗಂಡನಿಗೆ ಏನು ಹೇಳಿದರೋ ತಿಳಿಯದು, ಪೊನ್ನಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಸಾಕ್ಷಿ ಹೇಳಿದರು. ಆ ಒಂದು ವಾರ ನಾನು ಕೊಡಗಿನವಳಾಗಿದ್ದೆ.

ಆಮೇಲೆ ದಿನೇಶ ಹಿರಿಯರನ್ನು ಕಟ್ಟಿಕೊಂಡು ಮನೆಗೆ ಬಂದ. ಪೊನ್ನಪ್ಪನವರ ಕಾಲು ಮುಟ್ಟಿ ತಪ್ಪಾಯಿತು ಎಂದ. ನಾನು ಅದೇ ಜಗಲಿಯಲ್ಲಿ ನಿಂತಿದ್ದೆ, ನನ್ನ ಕಡೆ ತಿರುಗಲಿಲ್ಲ. ಅವರು ಹೋದ ಮೇಲೆ ಪೊನ್ನಪ್ಪ ಮೆಲ್ಲಗೆ ಹೇಳಿದರು, "ದೂರು ವಾಪಸ್ ತಗೊಳ್ಳಿ ಟೀಚರೇ. ನಾವು ಇಲ್ಲೇ ಸಾಯೋರು. ನೀವು ಟ್ರಾನ್ಸ್‌ಫರ್ ಆದ್ರೆ ಹೋಗೋರಲ್ವಾ."

"ನಾ ಹಿಂದಕ್ಕ ತಗೋಳಂಗಿಲ್ರೀ" ಎಂದೆ. ಬಾಗಿಲು ಹಾಕಿಕೊಂಡೆ.

ಊರಿಗೆ ಫೋನ್ ಮಾಡಿದರೆ ಅಣ್ಣನದು ಇನ್ನೊಂದು. "ಮೀನದ ಸಲುವಾಗಿ ಠಾಣೆ ಹತ್ತಿದೇನು? ನಮ್ಮ ಮಂದಿ ಕೇಳಿದ್ರ ಏನಂತಾರ? ಅವರ ಹೊಳಿ, ಅವರ ಮೀನ, ನಿನಗ್ಯಾಕ ಅಷ್ಟ್ ಸಿಟ್ಟು?" ನಮ್ಮ ಕಡೆ ಶಾಲೆಯಲ್ಲಿ ಜಾಗ ಖಾಲಿ ಇದೆ, ಬಂದುಬಿಡು ಎಂದ. ನೋಡೂಣು ಎಂದು ಫೋನ್ ಇಟ್ಟೆ.

ದೂರು ಇನ್ನೂ ಠಾಣೆಯಲ್ಲೇ ಇದೆ. ಪೊನ್ನಪ್ಪ ನನ್ನ ಜೊತೆ ಹೊಳೆಗೆ ಬರುವುದಿಲ್ಲ, ದಂಡೆಯಲ್ಲಿ ಕೂತು ನೋಡುತ್ತಾರೆ. ಆ ಮಡುವಿನಲ್ಲಿ ಈಗ ಮೀನೇ ಇಲ್ಲ. ಆದರೂ ಭಾನುವಾರ ಅಲ್ಲೇ ಇಳಿದು ಬೀಸುತ್ತೇನೆ. ಹೋದ ವಾರ ಸೇತುವೆ ಮೇಲೆ ಯಾರೋ ಪ್ರವಾಸಿಗರು ಕಾರು ನಿಲ್ಲಿಸಿ, ಹೊಳೆಯಲ್ಲಿ ನಿಂತಿರುವುದು ಯಾರೆಂದು ದಂಡೆಯತ್ತ ಕೂಗಿ ಕೇಳಿದರು.

"ನಮ್ಮ ಟೀಚರ್" ಎಂದರು ಪೊನ್ನಪ್ಪ, ನನಗೆ ಕೇಳುವಷ್ಟು ಗಟ್ಟಿಯಾಗಿ.

ನಾನು ತಿರುಗಿ ನೋಡದೆ ಮತ್ತೆ ದಾರ ಬೀಸಿದೆ.