ರಾಹುಕಾಲದಲ್ಲಿ ನಿಂತ ಮೇಲ್

ಶನಿವಾರ ಬೆಳಿಗ್ಗೆ ಕಾವೇರಿ ನೀರು ಬಿಡುವ ಹೊತ್ತು. ಮೂಡಲಪಾಳ್ಯದ ಆ ಬಡಾವಣೆಯಲ್ಲಿ ಮನೆಮನೆಯ ಮೋಟರುಗಳು ಗುರುಗುಟ್ಟುತ್ತಿದ್ದವು. ಜಲಜಾ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಗ ಎದುರುಮನೆಯ ಕಲಾ ಒಂದು ತಂಬಿಗೆ ನೀರು ತಂದು ಮೂಗಿನ ಕೆಳಗೇ ಹಿಡಿದಳು.

"ಮೂಸು."

ನೋಡಿದರೆ ತಿಳಿ ನೀರು. ಮೂಸಿದರೆ ಮೋರಿ.

"ಆ್ಯಪಲ್ಲಿ ದೂರು ಒತ್ತಿದ್ಯೇನೇ?"

"ಆಗ್ಲೇ ಒತ್ತಿದೆ ಕಣೇ. ಫೋಟೋನೂ ಹಾಕಿದೆ. ವಾಸನೆ ಫೋಟೋದಲ್ಲಿ ಬರಲ್ಲ, ಏನ್ ಮಾಡ್ಲಿ?"

ಜಲಜಾ ಕಾಫಿ ಕೆಳಗಿಟ್ಟಳು. ಕಲಾ ಗುಂಡಿ ಒತ್ತಿದ ಮರುಕ್ಷಣ ಬಡಾವಣೆಯ ಅಷ್ಟೂ ಮನೆಗಳಿಗೆ ಮೇಲ್ ಹೋಗಬೇಕಿತ್ತು. ಜಲಜಾಳ ಫೋನೂ ಟಿಣ್ ಅನ್ನಬೇಕಿತ್ತು. ಅಂದಿರಲಿಲ್ಲ.

ಹೋದ ಮಳೆಗಾಲದಲ್ಲಿ ಹೀಗೇ ಕುಡಿಯುವ ನೀರಿಗೆ ಮೋರಿ ಸೇರಿ ಅರ್ಧ ಬೀದಿ ಹಾಸಿಗೆ ಹಿಡಿದಿತ್ತು. ಏಳನೇ ಕ್ರಾಸಿನ ಔಟ್‌ಹೌಸಿನಲ್ಲಿರುವ ಚೇತನಾಳ ಹಸುಗೂಸಂತೂ ಕಣ್ಣು ಮೇಲೆ ಮಾಡಿತ್ತು. ಗಂಡ ಅಮರೇಶ ಡೆಲಿವರಿಗೆ ಹೋಗಿದ್ದ. ಮಗುವನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದವಳು ಜಲಜಾಳೇ. ತೊಡೆಯ ಮೇಲೆ ಬಿಸಿಯಾಗಿ, ಹತ್ತಿಯಂತೆ ಹಗುರವಾಗಿ ಬಿದ್ದಿದ್ದ ಆ ಮಗುವಿಗಾಗಿಯೇ ಅವಳು ಈ ಏರ್ಪಾಟು ಕಟ್ಟಿದ್ದು.

ಕೋಡಿನ ಒಂದಕ್ಷರವೂ ಅವಳಿಗೆ ಬಾರದು. ಸುಂಕದಕಟ್ಟೆಯ ಪ್ರೆಸ್ಸೊಂದರಲ್ಲಿ ಆಯುಸ್ಸಿನ ಅರ್ಧಪಾಲು ಲಗ್ನಪತ್ರಿಕೆ ಜೋಡಿಸಿದವಳು. ಈಗಿನ ಕಾಲದಲ್ಲಿ ಕೋಡು ಮೂಡದವರೂ ಕಂಪ್ಯೂಟರನ್ನು ಕುಣಿಸಬಹುದಲ್ಲ. ತೆರೆಯ ಮೇಲೆ ಚೌಕಗಳನ್ನಿಟ್ಟು ನಡುವೆ ಗೆರೆ ಎಳೆದರಾಯಿತು. ಒಂದು ಚೌಕ ಆ್ಯಪಿನಿಂದ ದೂರು ಎತ್ತಿಕೊಳ್ಳುತ್ತದೆ, ಇನ್ನೊಂದು ಅದನ್ನು ಕಾಗದದ ರೂಪಕ್ಕೆ ತರುತ್ತದೆ, ಕೊನೆಯದು ಪ್ರತಿ ಕ್ರಾಸಿನ ಮೇಲ್ ಗ್ರೂಪಿಗೂ ಹಂಚುತ್ತದೆ. ವಾಟ್ಸಾಪ್ ಇರಲಿಲ್ಲವೇ ಎಂದರೆ, ಇತ್ತು. ಬೀದಿನಾಯಿಗೆ ಅನ್ನ ಹಾಕಬೇಕೋ ಬೇಡವೋ ಎಂದು ಮನುಷ್ಯರು ಕಚ್ಚಾಡಿ ಆ ಗ್ರೂಪು ಸತ್ತಿತು. ಅಂದಿನಿಂದ ಸಂಘದ ಅಧ್ಯಕ್ಷ ಸುಧೀಂದ್ರ ರಾಯರ ಅಪ್ಪಣೆಯಂತೆ ಮೇಲಿಂದ ಮೇಲೆ ಮೇಲ್.

ಜಲಜಾ ಫೋನಿನಲ್ಲೇ ಚೌಕಗಳನ್ನು ತೆರೆದಳು. ಮೊದಲನೆಯದು ಹಸಿರು. ಎರಡನೆಯದು ಹಸಿರು. ಮೂರನೆಯದು, ಹಂಚುವ ಚೌಕಕ್ಕೆ ಮುಂಚಿನದು, ಹಳದಿ. ಅದರ ಮೇಲೆ ಬರೆದಿತ್ತು: ಹತ್ತೂವರೆಯವರೆಗೆ ಕಾಯುತ್ತಿದೆ.

ಶನಿವಾರ. ಒಂಬತ್ತರಿಂದ ಹತ್ತೂವರೆ. ರಾಹುಕಾಲ.

ಅಷ್ಟಮಿಯ ಆಮಂತ್ರಣ ರಾಹುಕಾಲದಲ್ಲಿ ಹೋದದ್ದರಿಂದಲೇ ಹಬ್ಬದ ಪೆಂಡಾಲು ಮಗುಚಿತೆಂದು ರಾಯರು ನಂಬಿದ್ದರು. ಅವರು ಕೇಳಿದರೆಂದು ಜಲಜಾ ಆಮಂತ್ರಣ ಕಳಿಸುವ ಚೌಕಗಳ ಸಾಲಿನಲ್ಲಿ 'ರಾಹುಕಾಲ ಕಳೆಯುವವರೆಗೆ ತಡೆ' ಎಂಬ ಚೌಕವೊಂದನ್ನು ಸೇರಿಸಿದ್ದಳು. ನೀರಿನ ಎಚ್ಚರಿಕೆ ಕಟ್ಟುವಾಗ ಹೊಸದಾಗಿ ಶುರುಮಾಡಲಿಲ್ಲ, ಆ ಸಾಲನ್ನೇ ನಕಲು ಮಾಡಿದ್ದಳು. ಪ್ರೆಸ್ಸಿನ ಅಭ್ಯಾಸ. ಹಳೆಯ ಮದುವೆಯ ಪತ್ರಿಕೆ ಕಾಪಿ ಮಾಡು, ಗಂಡು ಹೆಣ್ಣಿನ ಹೆಸರು ಬದಲಿಸು, ಅಚ್ಚಿಗೆ ಕಳಿಸು. ಒಮ್ಮೆ ಹೀಗೆ ಹೊಸ ಮದುಮಗಳಿಗೆ ಹಳೆಯ ಮಾವನೇ ಉಳಿದುಬಿಟ್ಟಿದ್ದ. ಈ ಸಲ ಉಳಿದದ್ದು ರಾಹು. ಪರೀಕ್ಷೆ ಮಾಡಿದ್ದೆಲ್ಲ ಸೋಮವಾರದಿಂದ ಶುಕ್ರವಾರದವರೆಗಿನ ಸಂಜೆಗಳಲ್ಲಿ. ಆಗ ರಾಹು ಅಡ್ಡ ಬರುವುದೇ ಇಲ್ಲ.

"ಕಲಾ, ನೀನು ನಮ್ಮ ಕ್ರಾಸಲ್ಲಿ ಬಾಗಿಲು ತಟ್ಕೊಂಡು ಬಾ. ಓಡು!"

ತಾನೇ ಏಳನೇ ಕ್ರಾಸಿಗೆ ಓಡಿದರೆ ಮಿಕ್ಕ ಕ್ರಾಸುಗಳ ಗತಿ? ಮೇಲ್ ಹೊರಟರೆ ಚೇತನಾಳಿಗೂ ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಜಲಜಾ ತಡೆಯ ಚೌಕ ಅಳಿಸಿ 'ಉಳಿಸು' ಒತ್ತಿದಳು. ಉತ್ತರ ಬಂತು: ಖಾತೆದಾರರ ಫೋನಿಗೆ ಒಟಿಪಿ ಕಳಿಸಲಾಗಿದೆ.

ಖಾತೆದಾರರು ಸುಧೀಂದ್ರ ರಾಯರು. ಕರೆ ಮಾಡಿದಳು, ಎತ್ತಲಿಲ್ಲ. ನಾಲ್ಕು ಮನೆಯಾಚೆಯ ಅವರ ಬಾಗಿಲಿಗೆ ಬರಿಗಾಲಲ್ಲೇ ಓಡಿದಳು.

ರಾಯರ ಹೆಂಡತಿ ರಾಗಿಣಿ ಒದ್ದೆ ಸೀರೆಯಲ್ಲಿ ಹಿಂದೆ ಸರಿದರು. "ದೂರ ಕಣೇ, ದೂರ! ಮಡೀಲಿದೀನಿ."

ಟಿವಿಯ ಪಕ್ಕದಲ್ಲಿದ್ದ ರಾಯರ ಫೋನು ಬೀಗ ಹಾಕಿಕೊಂಡು ಮಿನುಗುತ್ತಿತ್ತು. ರಾಯರು ದೇವರ ಮುಂದೆ ಗಂಟೆ ಬಾರಿಸುತ್ತಿದ್ದರು.

"ರಾಯರೇ, ಒಟಿಪಿ ಬಂದಿದೆ, ಸ್ವಲ್ಪ ಹೇಳಿ!"

"ಪೂಜೆ ಮುಗೀಲಿ ಜಲಜಮ್ಮಾ."

"ಮುಗಿಯೋವರೆಗೆ ಇರೋ ಹಾಗಿಲ್ಲ. ನೀರಿಗೆ ಮೋರಿ ಸೇರಿದೆ."

"ಅದಕ್ಕೇ ನಿನ್ನ ಆ್ಯಪ್ ಇದೆಯಲ್ಲಮ್ಮ."

"ಅದು ರಾಹುಕಾಲ ಕಳೀಲಿ ಅಂತ ಕೂತಿದೆ!"

ಗಂಟೆ ನಿಂತಿತು. "ನಾನು ಹೇಳಿದ್ದು ಆಮಂತ್ರಣಕ್ಕೆ ಕಣಮ್ಮಾ, ಅಪಾಯಕ್ಕಲ್ಲ."

"ನಂದೇ ತಪ್ಪು, ಕಾಪಿ ಹೊಡೆದೆ. ಬೈಯೋದನ್ನ ಆಮೇಲೆ ಇಟ್ಕೊಳ್ಳಿ, ಮೊದಲು ಬೆರಳು ಕೊಡಿ."

"ಫೋನ್ ಮುಟ್ಟಿದ್ರೆ ಮಡಿ ಹೋಗುತ್ತಲ್ಲಮ್ಮ. ಮತ್ತೆ ಸ್ನಾನ ಮಾಡ್ಬೇಕು."

"ಯಾವ ನೀರಲ್ಲಿ, ರಾಯರೇ?"

ರಾಯರು ಕಲಶದತ್ತ ತಿರುಗಿದರು. ಅವರ ಮನೆಯಲ್ಲಿ ಫಿಲ್ಟರಿನ ನೀರು ಮಡಿಗೆ ಬಾರದು. ನಲ್ಲಿಯಿಂದ ನೇರ ಹಿಡಿದದ್ದೇ ದೇವರಿಗೆ. ಅವರು ಬಗ್ಗಿ ಕಲಶವನ್ನು ಮೂಸಿದರು. ಊದುಬತ್ತಿಯ ಹೊಗೆಯನ್ನು ಕೈಯಿಂದ ಸರಿಸಿ ಇನ್ನೊಮ್ಮೆ ಮೂಸಿದರು. ತೀರ್ಥಕ್ಕೆಂದು ಹಿಡಿದಿದ್ದ ಉದ್ಧರಣೆ ಕೈಯಿಂದ ಜಾರಿ ತಟ್ಟೆಯ ಮೇಲೆ ಠಣ್ಣೆಂದಿತು.

"ತಾ ಇಲ್ಲಿ."

ಒದ್ದೆ ಬೆರಳನ್ನು ಫೋನು ಒಪ್ಪಲಿಲ್ಲ. ಇನ್ನೊಮ್ಮೆ ಒತ್ತಿದರು. ಒಪ್ಪಲಿಲ್ಲ. ಪಂಚೆಗೆ ಒರೆಸಿದರು, ಅದೂ ಒದ್ದೆ.

"ಇನ್ನೊಂದ್ಸಲ ತಪ್ಪಿದ್ರೆ ಅದು ಮುನಿಸ್ಕೊಳ್ಳುತ್ತೆ, ನಿಧಾನ!" ಎಂದ ಜಲಜಾ ಒಣಗಿದ ಸೆರಗನ್ನು ಮುಂದೆ ಚಾಚಿದಳು. ನಿನ್ನೆ ಉಟ್ಟ ಸೀರೆ. ಮಡಿಯ ಮಾತು ಬಿಡಿ, ಒಗ್ಗರಣೆಯ ವಾಸನೆಯೂ ಅದರಲ್ಲಿತ್ತು. ರಾಯರು ಒಂದು ಕ್ಷಣ ಹೆಂಡತಿಯ ಮುಖ ನೋಡಿದರು.

"ಒರೆಸ್ಕೊಳ್ರೀ, ಏನ್ ನೋಡ್ತೀರ!" ಎಂದರು ರಾಗಿಣಿ.

ಒರೆಸಿಕೊಂಡರು. ಬೀಗ ತೆರೆಯಿತು. ಅಂಕಿಗಳನ್ನು ಮಂತ್ರ ಹೇಳಿದಷ್ಟೇ ಸ್ಪಷ್ಟವಾಗಿ ಓದಿದರು. ಜಲಜಾ ತುಂಬಿದಳು, ಉಳಿಸಿದಳು, ಕಲಾಳ ದೂರನ್ನು ಮತ್ತೆ ಓಡಿಸಿದಳು. ಹಸಿರು, ಹಸಿರು, ಹಸಿರು.

ರಾಯರ ಫೋನು ಟಿಣ್ ಅಂದಿತು. ಪಕ್ಕದ ಮನೆಯಲ್ಲಿ ಇನ್ನೊಂದು, ಮಹಡಿಯಲ್ಲಿ ಮತ್ತೊಂದು. ಯಾರೋ "ಲೋ, ಮೋಟರ್ ಆಫ್ ಮಾಡೋ!" ಎಂದು ಕೂಗಿದರು. ಗುರುಗುಟ್ಟುತ್ತಿದ್ದ ಬೀದಿ ಒಂದೊಂದೇ ಮನೆಯಾಗಿ ಸುಮ್ಮನಾಯಿತು.

ಚೇತನಾಳಿಗೂ ತಲುಪಿತೆಂದು ಕಣ್ಣಾರೆ ನೋಡಿಕೊಳ್ಳಲು ಜಲಜಾ ಏಳನೇ ಕ್ರಾಸಿನ ಗ್ರೂಪು ತೆರೆದಳು. ಚೇತನಾ ಇಲ್ಲ. ಅಮರೇಶ ಇಲ್ಲ. ಆ ಮನೆ ನಂಬರಿನ ಮುಂದೆ ಇದ್ದದ್ದು ದೇವೇಂದ್ರಪ್ಪ. ಮನೆಯ ಮಾಲೀಕರು. ವಾಸ ಕೆಂಗೇರಿಯಲ್ಲಿ. ಗ್ರೂಪುಗಳನ್ನೂ ಆಮಂತ್ರಣದಿಂದಲೇ ಎತ್ತಿಕೊಂಡಿದ್ದಳಲ್ಲ, ಸಂಘದ ಆಮಂತ್ರಣ ಹೋಗುವುದು ಸದಸ್ಯರಿಗೆ, ಸದಸ್ಯರೆಂದರೆ ಮಾಲೀಕರು. ನೀರು ಕುಡಿಯುವವರು ಯಾರೆಂದು ಯಾವ ಚೌಕವೂ ಕೇಳಿರಲಿಲ್ಲ.

ರಾಯರು ಏನೋ ಹೇಳುತ್ತಿದ್ದರು. ಜಲಜಾ ಆಗಲೇ ಗೇಟು ದಾಟಿದ್ದಳು.

ಏಳನೇ ಕ್ರಾಸಿನಲ್ಲಿ ಮಹಡಿಯವರು ಬಾಲ್ಕನಿಯಿಂದ ಬಗ್ಗಿ ಎದುರುಮನೆಯ ಮಹಡಿಯವರಿಗೆ ಸುದ್ದಿ ಹೇಳುತ್ತಿದ್ದರು. ಕೆಳಗೆ, ಹಿಂಭಾಗದ ಔಟ್‌ಹೌಸಿನ ಬಾಗಿಲು ತೆರೆದೇ ಇತ್ತು. ಚೇತನಾ ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ನೀರು ತುಂಬಿದ ಒಳಲೆಯನ್ನು ಅದರ ತುಟಿಯ ಹತ್ತಿರ ತಂದಿದ್ದಳು. ಜಲಜಾ ಆ ಕೈಯನ್ನೇ ಹಿಡಿದು ಎಳೆದಳು. ನೀರೆಲ್ಲ ನೆಲಕ್ಕೆ ಚೆಲ್ಲಿತು. ಮಗು ಕಿಟಾರನೆ ಕಿರುಚಿತು.

"ಯವ್ವಾ! ಏನಾತ್ರೀ ಅಕ್ಕಾರ, ಹಿಂಗ್ಯಾಕ ಮಾಡಿದ್ರಿ?"

"ಕುಡೀತಾ? ಮಗು ಕುಡೀತಾ?"

"ಇಲ್ರೀ, ಇದss ಮೊದಲನೇದು. ಈಗ ನಳದಾಗ ಹಿಡದೀನಿ."

ಜಲಜಾ ಹೊಸ್ತಿಲ ಮೇಲೆ ಕೂತು, ಏದುಸಿರಿನಲ್ಲೇ ವಿಷಯ ಹೇಳಿದಳು. ಚೇತನಾ ಮಗುವನ್ನು ಎದೆಗವಚಿಕೊಂಡು ಕೇಳಿದಳು.

"ಅದಕss ಮ್ಯಾಲಿನವ್ರು ಒದರಾಕತ್ತಿದ್ರು. ಮತ್ತ ನಮಗ್ಯಾಕ ಹೇಳ್ಲಿಲ್ರೀ ನಿಮ್ಮ ಆ್ಯಪು?"

ಜಲಜಾ ಕೈ ಚಾಚಿದಳು. 

"ಫೋನ್ ಕೊಡು. ನಿನ್ನ ಮೇಲ್ ಹಾಕ್ತೀನಿ, ಈಗಲೇ."

"ಹಾಕ್ರಿ. ಹಿತ್ತಲ ಖೋಲಿ ಭಾಗವ್ವಂದೂ ಹಾಕ್ರಿ. ಆದ್ರ ಆಕಿ ಕಡೆ ಫೋನ್ ಇಲ್ಲ. ಓದಾಕೂ ಬರಂಗಿಲ್ಲ."

"ಭಾಗವ್ವ ನೀರು ಹಿಡ್ಕೊಂಡ್ರಾ?"

"ನನಕಿಂತ ಮೊದಲss ಹಿಡದಾಳ್ರೀ."

ಜಲಜಾ ಫೋನನ್ನು ಹೊಸ್ತಿಲ ಮೇಲೇ ಬಿಟ್ಟು ಎದ್ದಳು. ಹಿತ್ತಲ ತಗಡಿನ ಬಾಗಿಲನ್ನು ಎರಡೂ ಅಂಗೈಗಳಿಂದ ಬಡಿಯತೊಡಗಿದಳು.